ಓರೆ ಕತ್ತಿನ ಕ್ಯಾಮೆರಾ

“ಕಟ್ಟಡ ಅಲ್ಲ, ನಿಮ್ಮ ಕ್ಯಾಮೆರಾನೇ ಕತ್ತು ಓರೆ ಮಾಡ್ಕೊಂಡಿದೆ,” ಎಂದ ಪಾಲಿಕೆಯ ಇಂಜಿನಿಯರ್. ನೆರೆದಿದ್ದ ಬಾಡಿಗೆದಾರರಲ್ಲಿ ಇಬ್ಬರು ಕಿಸಕ್ಕೆಂದರು.

ಛಾಯಾಗ್ರಾಹಕ ಇಂಗು ತಿಂದ ಮಂಗನಂತಾದ. ಪಕ್ಕದ ನಿವೇಶನದಲ್ಲಿ ಪಾಯ ತೋಡಿದಾಗಿನಿಂದ ಈ ನಾಲ್ಕಂತಸ್ತಿನ ಕಟ್ಟಡ ವಾಲುತ್ತಿದೆ ಎಂದು ಅವನ ಅಕ್ಕ ಆರು ತಿಂಗಳು ಪಾಲಿಕೆ ಕಚೇರಿಗೆ ಅಲೆದಿದ್ದಳು. ಯಾರೂ ಸೊಪ್ಪು ಹಾಕಿರಲಿಲ್ಲ. ಕೊನೆಗೆ ತಮ್ಮನನ್ನೇ ಡ್ರೋನ್ ಸಮೇತ ಕರೆಸಿದಳು. ಚಿತ್ರದಲ್ಲಿ ವಾಲಿದ್ದು ಕಂಡರೆ ಮನೆಗಳನ್ನು ಖಾಲಿ ಮಾಡಿಸಿ ದುರಸ್ತಿ. ಇಲ್ಲವಾದರೆ ದೂರು ಅಲ್ಲಿಗೇ ಮುಗಿಯಿತು.

ಇಕ್ಕಟ್ಟು ಓಣಿ. ಚಿತ್ರದ ತುಂಬ ಗೋಡೆಯೊಂದೇ, ಎಡಕ್ಕೆ ಓರೆಯಾಗಿ; ಹೋಲಿಸಿ ನೋಡಲು ಬೇರೇನೂ ಇಲ್ಲ.

“ದಾರೀಲಿ ಬ್ಯಾಗ್ ಏನಾದ್ರೂ ಬಿತ್ತಾ?” ಇಂಜಿನಿಯರ್ ಕೇಳಿದ.

ಬಿದ್ದಿತ್ತು, ಬಸ್ಸಿನ ಅಟ್ಟಣಿಗೆಯಿಂದ ಧಡಾರನೆ. ಅವನು ತಲೆ ತಗ್ಗಿಸಿ ಹೂಂಗುಟ್ಟಿದ.

ಎಲ್ಲರೂ ಮೂರನೇ ಮಹಡಿಯ ಅಕ್ಕನ ಮನೆಗೆ ಬಂದರು. ಛಾಯಾಗ್ರಾಹಕ ಕ್ಯಾಮೆರಾ ಹಿಡಿದುಕೊಳ್ಳುವ ಗಿಂಬಲ್ ಬಿಚ್ಚಿ ನೋಡಿದ, ಏನೂ ಮುರಿದಿರಲಿಲ್ಲ. ಒಂದು ಸ್ಕ್ರೂ ಜಾರಿ, ಉರುಳುತ್ತ ಕಿಟಕಿಯ ಕಡೆ ಹೋಯಿತು.

“ಕೈ ಯಾಕೆ ನಡುಗುತ್ತೆ?” ಎಂದ ಇಂಜಿನಿಯರ್.

ಅವನು ಮಂಡಿಯೂರಿ ಸ್ಕ್ರೂ ಹುಡುಕಿ ತಂದ. ಮೇಜು ಅಲ್ಲಾಡುತ್ತಿತ್ತೆಂದು ಡ್ರೋನನ್ನು ನೆಲಕ್ಕಿಟ್ಟು, ಕ್ಯಾಮೆರಾದ ಓರೆ ತಿದ್ದುವ ಕ್ಯಾಲಿಬ್ರೇಷನ್ ಗುಂಡಿ ಒತ್ತಿದ. ಕ್ಯಾಮೆರಾ ಬಗ್ಗಿತು, ಎದ್ದಿತು, ಅತ್ತಿತ್ತ ನೋಡಿ ನಿಂತಿತು. ಮತ್ತೆ ಹಾರಿಸಿದರೆ ಗೋಡೆ ನೂಲು ಹಿಡಿದ ಹಾಗೆ ನೆಟ್ಟಗೆ.

ಇಂಜಿನಿಯರ್ ವರದಿಗೆ ಸಹಿ ಜಡಿದ. ಬಾಡಿಗೆದಾರರು ಗೊಣಗುತ್ತ ಚದುರಿದರು.

“ನೀನೂ ನನ್ನ ನಂಬಲ್ವೇನೋ?” ಅಕ್ಕನ ದನಿ ಒಡೆದಿತ್ತು.

“ಕಣ್ಣಾರೆ ನೋಡಿದ್ಯಲ್ಲಕ್ಕ. ಸುಮ್ನೆ ಮಕ್ಕಳನ್ನ ಹೆದರಿಸ್ಬೇಡ.”

ಅಂದುಬಿಟ್ಟ. ಅಷ್ಟು ಜನರೆದುರು ಅವಳ ಮರ್ಯಾದೆ ಕಳೆದೆನಲ್ಲ ಎಂದು ನಾಚಿಕೆಯಿಂದ ಹಿಡಿಯಾಗಿ, ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ.

ಮರುದಿನ ಬೇರೊಂದು ಊರಿನ ಕೆರೆಯ ದಂಡೆಯಲ್ಲಿ ಕೆಲಸ. ಡ್ರೋನ್ ಏರಿತು. ಪರದೆಯಲ್ಲಿ ಕೆರೆಯ ನೀರು ಬಲಕ್ಕೆ ಇಳಿಜಾರಾಗಿ ನಿಂತಿತ್ತು. ಥೂ, ಮತ್ತೆ ಕೆಟ್ಟಿತಲ್ಲ ಎಂದು ಇಳಿಸಿ, ದಂಡೆಯ ಚಪ್ಪಡಿಯ ಮೇಲಿಟ್ಟು ಕ್ಯಾಲಿಬ್ರೇಷನ್ ಒತ್ತಿದ. ನೀರು ಸಮವಾಯಿತು. ಅವನು ಕೆಲಸವನ್ನು ಅಲ್ಲಿಗೇ ಬಿಟ್ಟ. ಅಕ್ಕನಿಗೆ ಫೋನು ಹಚ್ಚಿದ.

“ಮಕ್ಕಳನ್ನ ಕರ್ಕೊಂಡು ಈಗ್ಲೇ ಕೆಳಗಿಳಿ. ಎಲ್ಲರನ್ನೂ ಇಳಿಸು.”

“ಯಾಕೋ? ನೆಟ್ಟಗಿದೆ ಅಂತ ನೀನೇ ತೋರಿಸ್ಲಿಲ್ವಾ?”

ಬಿದ್ದರೂ ಕೆಡದ ಕ್ಯಾಮೆರಾವನ್ನು ವಾಲಿದ ಮನೆಯ ನೆಲದ ಮೇಲೇ ಕೂರಿಸಿ, ಇದೇ ಸಮ ಎಂದು ಕಲಿಸಿದ್ದು ತಾನೇ ಎಂಬುದನ್ನು ನುಂಗಿಕೊಂಡು, “ಮೊದ್ಲು ಇಳಿಯಕ್ಕ,” ಎಂದ.