ಕದಲದ ತರಗತಿ

ತನಗಿಂತ ಮೊದಲೇ ಯಾರೋ ಇಲ್ಲಿಗೆ ಬಂದು ಕಲಿಸಿ ಹೋಗಿದ್ದಾರೆ. ನಬುಕೆನ್ಯಾಗೆ ಅದರಲ್ಲಿ ಅನುಮಾನವೇ ಉಳಿದಿರಲಿಲ್ಲ.

ತಗಡಿನ ಸೂರಿನ ಕೆಳಗೆ, ಚಾಪೆಗಳ ಮೇಲೆ ಮೂವತ್ತೊಂದು ಮಕ್ಕಳು ಬಿದ್ದುಕೊಂಡಿದ್ದವು. ಒಂದು ಪಿಸುಮಾತಿಲ್ಲ, ಒಂದು ಕಿಸಕ್ಕನೆಯ ನಗುವಿಲ್ಲ. ಎಂಟು ವರ್ಷದ ಪೋನಿಯ ತುಟಿಯ ಮೇಲೆ ನೊಣವೊಂದು ಕೂತು, ಆರಾಮಾಗಿ ಕೈ ಉಜ್ಜಿಕೊಂಡು, ಮೂಗಿನ ಹೊಳ್ಳೆಯವರೆಗೂ ಹೋಗಿ ಬಂತು. ಹುಡುಗಿಯ ರೆಪ್ಪೆ ಕೂಡ ಅಲುಗಲಿಲ್ಲ.

ಕಂಪಾಲಾದಲ್ಲಿ ದುಡ್ಡು ಕೊಟ್ಟು ಕಲಿಯುವ ದೊಡ್ಡವರಿಗೂ ಶವಾಸನ ಹೀಗೆ ಸಿದ್ಧಿಸಿದ್ದನ್ನು ಅವಳು ಕಂಡಿರಲಿಲ್ಲ. ಹೆಸರು ಹೇಳಿದರೆ ಮಕ್ಕಳು ಹೆದರಿಯಾವು ಎಂದು 'ಸುಮ್ಮನೆ ಮಲಗುವ ಆಟ' ಎಂದಷ್ಟೇ ಹೇಳಿಕೊಟ್ಟಿದ್ದಳು. ಹೇಳಿಕೊಟ್ಟಿದ್ದೇನು ಬಂತು, ಮೊದಲ ದಿನವೇ ಹೀಗೆ ಮಲಗಿದ್ದವು!

ಉಳಿದದ್ದೆಲ್ಲ ಸೋಲು. ಗಡಿಯ ನದಿ ದಾಟಿ ಬಂದ ಈ ಮಕ್ಕಳಿಗೆ ರಾತ್ರಿ ನಿದ್ದೆಯಿಲ್ಲ, ಹಗಲು ಪಾಠ ತಲೆಗೆ ಹೋಗುವುದಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಯೋಗ ಮಾಡಿಸಿದರೆ ಚೇತರಿಸಿಕೊಂಡಾವು ಎಂದು ಅವಳ ಸಂಸ್ಥೆ ಅವಳನ್ನು ನಿರಾಶ್ರಿತರ ಶಿಬಿರದ ಈ ಶಾಲೆಗೆ ಕಳಿಸಿತ್ತು. ನಾಲ್ಕು ತಿಂಗಳಾಯಿತು. ವೃಕ್ಷಾಸನಕ್ಕೆ ನಿಲ್ಲಿಸಿದರೆ ದಬದಬನೆ ಬೀಳುತ್ತಿದ್ದವು. ಉಸಿರಾಟವಂತೂ ಕೇಳಲೇಬೇಡಿ.

"ಹೊಟ್ಟೆ ತುಂಬ ಉಸಿರು ತಗೊಳ್ರೋ," ಎಂದು ಬೇಡಿಕೊಂಡರೆ ಹತ್ತು ವರ್ಷದ ಕಿಡೆನ್ ತಲೆ ಅಲ್ಲಾಡಿಸುತ್ತಿದ್ದಳು.

"ಬೇಡ ಟೀಚರ್. ಹೊಟ್ಟೆ ಮೇಲೇಳತ್ತೆ. ಕಾಣತ್ತೆ."

"ಕಂಡ್ರೆ ಕಾಣ್ಲಿ ಬಿಡೆ! ಇಲ್ಯಾರು ನಿನ್ನ ಹೊಟ್ಟೆ ನೋಡೋಕೆ ಬರ್ತಾರೆ?"

ಕಿಡೆನ್ ಅಂಗಿಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳುತ್ತಿದ್ದಳು. ಅಂಗಿ ಹರಿದಿರುವುದಕ್ಕೆ ನಾಚಿಕೆ ಪಾಪ, ಎಂದುಕೊಂಡ ನಬುಕೆನ್ಯಾ ಮುಂದಿನ ವಾರವೇ ಇಡೀ ತರಗತಿಗೆ ಅಂಗಿ ತರಿಸಿದಳು. ಹೊಸ ಅಂಗಿಯೊಳಗೂ ಉಸಿರು ಕುತ್ತಿಗೆಯಿಂದ ಕೆಳಗಿಳಿಯಲಿಲ್ಲ.

ಇವತ್ತು ಮುಖ್ಯ ಕಚೇರಿಯ ಮುಗೇರ್ವ ಪರೀಕ್ಷೆಗೆ ಬರುವವನಿದ್ದ. ಮಕ್ಕಳಿಗೆ ಪ್ರಯೋಜನವಾಗಿದೆ ಎಂದು ಅವನಿಗೆ ಕಾಣದಿದ್ದರೆ ಸೋಮವಾರದಿಂದ ಯೋಗವಿಲ್ಲ, ಅವಳೂ ಇಲ್ಲ. ಕೆಲಸ ಹೋದರೆ ಹೋಗಲಿ, ಇನ್ನೊಂದು ಸಿಗುತ್ತದೆ. ಆದರೆ ಈ ಮೂವತ್ತೊಂದು ಮಕ್ಕಳಲ್ಲಿ ಒಂದಕ್ಕಾದರೂ ತನ್ನಿಂದ ಒಂದಿಷ್ಟು ನೆಮ್ಮದಿ ಸಿಕ್ಕಿದೆಯೇ? ಅದೊಂದು ಅವಳಿಗೆ ಗೊತ್ತಾಗಬೇಕಿತ್ತು. ಅವಳ ಕೈಯಲ್ಲಿದ್ದ ಸಾಕ್ಷಿಯೆಂದರೆ ಈ ಒಂದು ಆಸನ. ಅದನ್ನೂ ಬೇರೆ ಯಾರೋ ಕಲಿಸಿದ್ದರೆ?

"ಇದಕ್ಕೆ ಮುಂಚೆ ಯಾವ ಸಂಸ್ಥೆಯವ್ರು ಬಂದಿದ್ರು, ನಿಜ ಹೇಳಿ," ಎಂದು ತರಗತಿಯ ಮೇಷ್ಟ್ರು ಆಡ್ರಿಕೊನನ್ನು ಹಿಡಿದುಕೊಂಡಳು.

ಆಡ್ರಿಕೊ ಶಿಬಿರವಿದ್ದ ಸೀಮೆಯವನೇ. ನಕ್ಕ. "ನಲ್ಲಿಗೊಂದು ಸಂಸ್ಥೆ ಬೋರ್ಡು, ಕಕ್ಕಸಿಗೊಂದು ಬೋರ್ಡು, ನೆರಳು ಕೊಡೋ ಮರಕ್ಕೂ ಒಂದು ಬೋರ್ಡು ಹೊಡೆದಿದ್ದಾರೆ ಮೇಡಂ. ಮಕ್ಕಳಿಗೆ ಮಾತ್ರ ಯಾರೂ ಹೊಡೆದಿಲ್ಲ. ನಿಮ್ದೇ ಹೊಡ್ಕೊಳಿ, ಹೋಗಿ."

ಜೀಪು ಬಂತು. ಮುಗೇರ್ವ ಬಾಗಿಲಲ್ಲೇ ನಿಂತುಬಿಟ್ಟ.

"ಅಬ್ಬಬ್ಬಾ," ಎಂದ, ತಗ್ಗಿದ ದನಿಯಲ್ಲಿ.

ನಬುಕೆನ್ಯಾ ತುದಿಗಾಲಲ್ಲಿ ನಡೆದು, ಎಂದಿನಂತೆ ಮಕ್ಕಳ ಕೈಕಾಲು ತಿದ್ದಿದಳು. ಇವರ ತಪ್ಪು ಅದೊಂದೇ. ನೆಟ್ಟಗೆ ಮಲಗುವುದಿಲ್ಲ. ಒಬ್ಬನ ಮಂಡಿ ಸೊಟ್ಟ, ಇನ್ನೊಬ್ಬಳ ಕೈ ಬೆನ್ನಿನಡಿ, ಮತ್ತೊಬ್ಬಳ ಮುಖ ಚಾಪೆಗೆ ಒತ್ತಿಕೊಂಡಿರುತ್ತಿತ್ತು. ಎಷ್ಟು ಸಲ ನೇರ ಮಾಡಿದರೂ ಮಾರನೆಯ ದಿನ ಮತ್ತೆ ಅದೇ.

ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಕಿಡೆನ್ ಒಬ್ಬಳೇ ಮೊದಲು ಎದ್ದು, ಬಾಗಿಲ ಸಂದಿಯಿಂದ ಹೊರಗೆ ಇಣುಕಿದಳು. ಗಂಜಿಯ ಸಾಲು ಎಷ್ಟು ಉದ್ದವಿದೆ ಎಂದು ನೋಡುವುದು ಅವಳ ದಿನದ ಚಾಳಿ ಎಂದು ನಬುಕೆನ್ಯಾ ಮುಗೇರ್ವನ ಕಿವಿಯಲ್ಲಿ ಹೇಳಿ ನಕ್ಕಳು. ಕಿಡೆನ್ ತಿರುಗಿ ಕೈಬೀಸಿದ ಮೇಲೆಯೇ ಉಳಿದವರು ಒಬ್ಬೊಬ್ಬರಾಗಿ ಎದ್ದು ಕೂತರು.

"ಹದಿನೈದು ಶಾಲೆ ನೋಡಿದೀನಿ," ಎಂದ ಮುಗೇರ್ವ. ಅವನ ಕಣ್ಣು ಒದ್ದೆಯಾಗಿತ್ತು. "ಇಂಥ ಶಾಂತಿ ಎಲ್ಲೂ ಕಂಡಿಲ್ಲ. ಇನ್ನೆರಡು ವರ್ಷ ಮುಂದುವರಿಸೋಣ, ನಬುಕೆನ್ಯಾ. ಬೇರೆ ಶಾಲೆ ಮಕ್ಕಳಿಗೂ ಇವ್ರೇ ಮಾಡಿ ತೋರಿಸ್ಲಿ."

ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳ ಎದೆ ಹಗುರಾಯಿತು. ಆದರೂ ಸುಳ್ಳಿನ ಕೀರ್ತಿ ಹೊತ್ತುಕೊಳ್ಳುವ ಜಾಯಮಾನ ಅವಳದಲ್ಲ.

"ಸರ್, ಇದನ್ನ ಮಾತ್ರ ನಾನು ಕಲಿಸಿದ್ದಲ್ಲ," ಎಂದಳು. "ಕಿಡೆನ್, ಬಾ ಇಲ್ಲಿ. ಹೆದರ್ಬೇಡ. ಸುಮ್ಮನೆ ಮಲಗೋದನ್ನ ನಿಮಗೆಲ್ಲ ಕಲಿಸಿದ್ದು ಯಾವ ಸಂಸ್ಥೆಯವ್ರು?"

"ಸಂಸ್ಥೆಯವ್ರಲ್ಲ ಟೀಚರ್. ನಮ್ಮಮ್ಮ."

"ಇಷ್ಟು ಜನಕ್ಕೂ?"

"ನಾವೆಲ್ಲ ಒಂದೇ ಊರೋರು ಅಲ್ವಾ."

ಮುಗೇರ್ವನಿಗೆ ಹಿಗ್ಗೋ ಹಿಗ್ಗು. ಅವಳೆದುರು ಮಂಡಿಯೂರಿ ಕೂತ. "ಬಲು ಗಟ್ಟಿಗಿತ್ತಿ ಕಣಮ್ಮ ನಿಮ್ಮಮ್ಮ! ನಾಳೆ ಕರ್ಕೊಂಡು ಬಾ. ಟೀಚರ್ ಜೊತೆ ಅವರಿಗೂ ಕೆಲಸ ಕೊಡ್ತೀನಿ."

ಕಿಡೆನ್ ಟೀಚರ್ ಮುಖ ನೋಡಿದಳು, ಆಮೇಲೆ ಅವನ ಮುಖ ನೋಡಿದಳು.

"ಬರಕ್ಕಾಗಲ್ಲ ಸರ್. ಬಂದೂಕಿನವ್ರು ಮಲಗಿದ್ದ ನಮ್ಮ ಮಧ್ಯೆ ಓಡಾಡ್ತಿದ್ದಾಗ ಅಮ್ಮಂಗೆ ಕೆಮ್ಮು ಬಂದ್ಬಿಡ್ತು."