ಗೋಡೆಗೆ ಮುಖ

ಹೆಸರಿಲ್ಲದ ಆ ಕಾಗದ ಯಾರ ಮೇಲಿತ್ತೋ ಅವನೇ ಅದನ್ನು ಎಲ್ಲರೆದುರು ಓದಬೇಕಿತ್ತು. ತಾಂಪೆರೆ ಊರಿನ ಹತ್ತಿ ಗಿರಣಿಯವರು ಕಟ್ಟಿಕೊಂಡ ಕ್ರೀಡಾ ಸಂಘದಲ್ಲಿ ಅದೇ ಪದ್ಧತಿ. ದೂರನ್ನು ಆರೋಪಿಯೇ ಗಟ್ಟಿಯಾಗಿ ಓದಬೇಕು, ಉತ್ತರ ಕೊಡಬೇಕು, ಆಮೇಲೆ ಗೋಡೆಗೆ ಮುಖ ಮಾಡಿ ಕೂರಬೇಕು. ಬೆನ್ನ ಹಿಂದೆ, ಅವನು ಉಳಿಯಲಿ ಎನ್ನುವವರು ಕೈ ಎತ್ತುತ್ತಾರೆ. ಯಾರ ಕೈ ಎದ್ದಿತು, ಯಾರದು ಏಳಲಿಲ್ಲ ಎಂಬುದು ಅವನಿಗೆ ಕಾಣಬಾರದು.

ಅರ್ಮಾಸ್ ಇಪ್ಪತ್ತೇಳು ವರ್ಷದಿಂದ ಕಾರ್ಯದರ್ಶಿ. ಕುಸ್ತಿ, ಸ್ಕೀ, ಈಜು, ಜಿಮ್ನಾಸ್ಟಿಕ್ಸ್, ನಾಲ್ಕೂ ವಿಭಾಗದ ಬೀಗದ ಕೈ ಅವನ ಸೊಂಟದಲ್ಲೇ. ವಯಸ್ಸು ಅರವತ್ತೊಂಬತ್ತು. ಮಂಡಿ ಎರಡೂ ಹೋಗಿವೆ. ಇವತ್ತು ಕೈಗಳು ಏಳದಿದ್ದರೆ ಆ ಬೀಗದ ಕೈಗೊಂಚಲನ್ನು ಮೇಜಿನ ಮೇಲಿಟ್ಟು ಮನೆಗೆ ನಡೆಯಬೇಕು.

ಬೆಳಿಗ್ಗೆ ಹೆಂಡತಿ ಹಿಲ್ಮಾ ಅಂಗಿಗೆ ಇಸ್ತ್ರಿ ಮಾಡುತ್ತಾ ಕೇಳಿದ್ದಳು.

"ಇವತ್ತಾದ್ರೂ ಇತ್ಯರ್ಥ ಆಗುತ್ತಾ?"

"ಆಗುತ್ತೆ ಮಾರಾಯ್ತಿ. ಈ ಸಲ ನಾನು ಉಳಿಯೋ ಹಾಗೆ ಕಾಣಲ್ಲ."

ಅವಳು ಅಂಗಿ ತೊಡಿಸಿದಳು. ಗುಂಡಿಗಳನ್ನೂ ತಾನೇ ಹಾಕಿದಳು.

ಸಭೆಗೆ ಎಂಬತ್ತು ಜನ ಬಂದಿದ್ದರು. ಕಾಫಿ ಆರುತ್ತಿತ್ತು, ಏಲಕ್ಕಿ ಬನ್ನು ಯಾರೂ ಮುಟ್ಟಿರಲಿಲ್ಲ. ಅರ್ಮಾಸ್ ಎದ್ದು ನಿಂತು ಕಾಗದ ಬಿಡಿಸಿದ. ಸೊಟ್ಟಸೊಟ್ಟ ಅಕ್ಷರ. ಕನ್ನಡಕ ಜೇಬಿನಲ್ಲೇ ಉಳಿಯಿತು, ಆದರೂ ಎಲ್ಲೂ ತಡವರಿಸಲಿಲ್ಲ.

"ಕಾರ್ಯದರ್ಶಿ ಸಭೆಯಲ್ಲಿ ಗೊರಕೆ ಹೊಡೆಯುತ್ತಾನೆ. ಕುಸ್ತಿಯವರನ್ನು ಒಂದು ದಿನ ಮೊದಲೇ ತುರ್ಕು ಊರಿನ ಪಂದ್ಯಕ್ಕೆ ಕಳಿಸಿದ. ಹಿಮಗಾಳಿ ಬೀಸಿದ ಮಂಗಳವಾರ ಹಬೆಸ್ನಾನದ ಸೌನಾ ಒಲೆ ಹೊತ್ತಿಸಲೇ ಇಲ್ಲ. ಇಂಥ ಮುದಿಯನನ್ನು ಇನ್ನೂ ಇಟ್ಟುಕೊಳ್ಳಬೇಕೇ?"

ಅಧ್ಯಕ್ಷೆ ಲೆಂಪಿ ನೂಲುವ ವಿಭಾಗದವಳು, ಕಣ್ಣು ಚುರುಕು. "ಆ ಮಂಗಳವಾರ ಒಂದು ನರಪಿಳ್ಳೆನೂ ಬಂದಿರ್ಲಿಲ್ಲ. ಮತ್ತೆ ಕಂಡೋರು ಯಾರು?"

"ಯಾರೋ ಕಂಡಿದಾರೆ ತಾಯಿ. ಬರೆದಿರೋದೆಲ್ಲ ನಿಜ. ನನ್ನ ಮುಖ ನೋಡ್ಬೇಡಿ, ಸಂಘಕ್ಕೆ ಯಾವುದು ಒಳ್ಳೇದೋ ಅದನ್ನ ಮಾಡಿ."

ಹೀಗೆಂದು ಅವನು ಗೋಡೆಗೆ ಮುಖ ಮಾಡಿ ಕುಳಿತ.

ಹಿಂದೆ ಕುರ್ಚಿಯೊಂದು ಧಡಾರನೆ ಬಿತ್ತು. ಹಳೆಯ ಕುಸ್ತಿಪಟು ತೈಸ್ತೊ ಎದ್ದಿದ್ದ.

"ಹದಿನೆಂಟನೇ ಇಸವಿ ಅಂತರ್ಯುದ್ಧದಲ್ಲಿ ಇಂಥದೇ ಹೆಸರಿಲ್ಲದ ಕಾಗದ ನಮ್ಮಪ್ಪನ್ನ ಕೈದಿಗಳ ಕ್ಯಾಂಪಿಗೆ ಕಳಿಸ್ತು. ಅವನು ವಾಪಸ್ ಬರ್ಲಿಲ್ಲ! ನಿಜವೋ ಸುಳ್ಳೋ ನನಗೆ ಬೇಡ. ಹೆಸರು ಹಾಕೋ ಗಂಡೆದೆ ಇಲ್ಲದವನ ಮಾತಿಗೆ ಒಬ್ಬ ಕೆಲಸಗಾರನ್ನ ಕಳಿಸಿಬಿಟ್ರೆ, ಥೂ, ನಾನು ಈ ಹೊಸ್ತಿಲು ತುಳಿಯಲ್ಲ!"

ಅಂಥ ಕಾಗದಕ್ಕೆ ಒಬ್ಬ ಅಪ್ಪನನ್ನೋ ಮಾವನನ್ನೋ ಕಳೆದುಕೊಳ್ಳದ ಮನೆ ಆ ಗಿರಣಿಯ ಬೀದಿಯಲ್ಲಿ ಇರಲಿಲ್ಲ. ಇದು ಅರ್ಮಾಸ್‌ಗೂ ಚೆನ್ನಾಗಿ ಗೊತ್ತಿದ್ದ ಸಂಗತಿ.

"ಅಯ್ಯೋ," ಎಂದ ಅವನು, ಗೋಡೆಗಷ್ಟೇ ಕೇಳುವಂತೆ.

ಬಟ್ಟೆಗಳ ಸರಬರ ಸದ್ದು. ಲೆಂಪಿ ಎರಡು ಸಲ ಎಣಿಸಿದಳು. ಬಹಳ ಹೊತ್ತೇನೂ ಹಿಡಿಯಲಿಲ್ಲ.

"ತಿರುಗು ಅಣ್ಣಾ. ಒಂದು ಕೈಯೂ ತಪ್ಪಿಲ್ಲ, ಎಲ್ಲ ನಿನ್ನ ಕಡೆ. ಇನ್ನೊಂದು ಠರಾವೂ ಪಾಸಾಯ್ತು. ಬದುಕಿರೋ ತನಕ ನೀನೇ ಕಾರ್ಯದರ್ಶಿ. ಯಾವ ಹೇಡಿ ಏನು ಬರ್ಕೊಂಡ್ರೂ ನಿನ್ನ ಅಲ್ಲಾಡಿಸೋಕಾಗಲ್ಲ."

ಅರ್ಮಾಸ್ ಅತ್ತ. ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತ. ತೈಸ್ತೊ ಅವನನ್ನು ಬಾಚಿ ತಬ್ಬಿಕೊಂಡು, "ಪಾಪ, ಖುಷಿ ತಡೆಯೋಕಾಗ್ತಿಲ್ಲ ಅಜ್ಜನಿಗೆ," ಎಂದು ತಾನೂ ಕಣ್ಣೊರೆಸಿಕೊಂಡ.

ಮಧ್ಯಾಹ್ನ ಮನೆಗೆ ಬಂದಾಗ ಹಿಲ್ಮಾ ಕೋಟು ತೊಟ್ಟು ಟ್ರಂಕಿನ ಮೇಲೆ ಕುಳಿತಿದ್ದಳು. ಇಬ್ಬರೂ ಹೋಗಿ ನೆಲೆಸಬೇಕೆಂದಿದ್ದ, ಸರೋವರದ ದಂಡೆಯ ಅಕ್ಕನ ಮನೆಗೆ ಮೂರು ಗಂಟೆಯ ಬಸ್ಸು.

"ಏನಂದ್ರು?"

"ಸಾಯೋ ತನಕ ನಾನೇ ಅಂತೆ."

ಅವಳು ನಿಧಾನವಾಗಿ ಟೋಪಿ ತೆಗೆದಳು.

"ಐದು ಸಲ ರಾಜೀನಾಮೆ ಕೊಟ್ಟೆ, ಐದು ಸಲವೂ ಚಪ್ಪಾಳೆ ತಟ್ಟಿ ಹರಿದುಹಾಕಿದ್ರು," ಎಂದು ಅರ್ಮಾಸ್ ಅವಳ ಪಕ್ಕ ಕುಸಿದು ಕುಳಿತ, "ಆ ದೂರನ್ನಾದ್ರೂ ನಂಬ್ತಾರೆ ಅಂತ ಎಡಗೈಲಿ ಬರೆದೆ ಕಣೇ, ಬೆರಳು ಇನ್ನೂ ನೋಯ್ತಿದೆ."