ಕಾಲಿಗೆ ನೀರು

ಸಂಗಮನಾಥ ಪಡಸಾಲೆಯ ಮೂಲೆಗೆ ಬೆನ್ನು ಹಚ್ಚಿ ನಿಂತು, ಕುಡಗೋಲನ್ನು ತನ್ನ ಕುತ್ತಿಗೆಗೇ ಹಿಡಿದುಕೊಂಡಿದ್ದ. ಮೂರು ದಿನದಿಂದ ನಿದ್ದೆಯಿಲ್ಲ. ನಿನ್ನೆಯಿಂದ ಹನಿ ನೀರು ಮುಟ್ಟಿಲ್ಲ. ಊರಿನ ನೀರಿಗೆಲ್ಲ ವಿಷ ಹಾಕಿದ್ದಾರೆ ಅನ್ನುವುದೊಂದೇ ಅವನ ಮಾತು. ಹೆಂಡತಿ ಕಸ್ತೂರಿ 112ಕ್ಕೆ ಫೋನ್ ಮಾಡಿ ಹೊಸ್ತಿಲಲ್ಲಿ ನಿಂತಿದ್ದಳು.

ಅಂಗಳದಲ್ಲಿ ಅರ್ಧ ಸಗರ ಊರೇ ಸೇರಿತ್ತು. ಒಳಗೆ ಕಾಲಿಡುವ ಗಂಡಸು ಒಬ್ಬನಿಲ್ಲ. ಮೊಬೈಲ್ ಎತ್ತಿ ಹಿಡಿದ ಕೈಗಳಿಗೆ ಮಾತ್ರ ಬರವಿರಲಿಲ್ಲ.

"ಕಟ್ಕೊಂಡ ಗಂಡನ ಮ್ಯಾಲೆ ಪೊಲೀಸರನ್ನ ಕರಿಸ್ದಿ. ಬಡದು ಹಾಕ್ತಾರ, ನೋಡಕೋತ ಕೂಡು," ಎಂದ ಪಕ್ಕದ ಮನೆಯ ಹಂಪಣ್ಣ.

"ನೀನೇ ಒಳಗ ಹೋಗಿ ಕುಡಗೋಲು ಕಸ್ಕೊಂಡು ಬಾ ಮಾವ. ಅವರಿಗೆ ಈಗೇ ಬ್ಯಾಡಂತೀನಿ."

ಹಂಪಣ್ಣ ಮಂದಿಯ ಹಿಂದೆ ಸರಿದ.

ಶಹಾಪುರದಿಂದ ಪೊಲೀಸ್ ಗಾಡಿ ಬಂತು. ಹೆಡ್ ಕಾನ್‌ಸ್ಟೆಬಲ್ ಹಸನಸಾಬ ಇಳಿದ. ಹಿಂದೆ ಹಗ್ಗ ಹಿಡಿದ ಪೇದೆ ಅರ್ಜುನ. ಆ ಹಗ್ಗ ನೋಡಿ ಕಸ್ತೂರಿ ಬಾಗಿಲಿಗೆ ಅಡ್ಡ ನಿಂತಳು. ಹಂಪಣ್ಣನ ಮಾತೇ ಖರೆಯಾದರೆ? ಗಂಡ ಉಳಿದರೂ ಇನ್ನು ತನ್ನ ಮುಖ ನೋಡಿಯಾನೆ?

"ಹೊಡಿಬ್ಯಾಡ್ರಿ ಸಾಹೇಬ್ರ. ಅವರು ಕಳ್ಳರಲ್ಲ."

"ಕಳ್ಳನ್ನ ನೋಡ್ಲಾಕ ಇಷ್ಟು ಮಂದಿ ಬರಂಗಿಲ್ಲ ಬಿಡವ್ವ," ಎಂದ ಹಸನಸಾಬ, ಅರ್ಜುನನ ಕಡೆ ತಿರುಗಿದ. "ಆ ಹಗ್ಗ ಅಂಗಳಕ್ಕ ಅಡ್ಡ ಕಟ್ಟು. ಫೋನ್ ಹಿಡದಾಂವ ಒಬ್ಬನೂ ದಾಟಬಾರ್ದು."

ಆಮೇಲೆ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚತೊಡಗಿದ. ಅವಸರವೇ ಇಲ್ಲ.

"ಯಾರದು? ಒಳಗ ಬರಬ್ಯಾಡ್ರಿ!" ಸಂಗಮನಾಥ ಚೀರಿದ.

"ನಾ ಹಸನಸಾಬ, ಠಾಣೆದಾಂವ. ಕಾಲಿಗೆ ನೀರು ಕೊಡೋ ತಮ್ಮಾ, ಬಿಸಲಾಗ ಬಂದೀನಿ."

"ನೀರಾಗ ವಿಷ ಅದ ರೀ."

"ಕುಡಿಯಂಗಿಲ್ಲಪ್ಪಾ, ಕಾಲಿಗೆ ಕೇಳ್ಲಾಕತ್ತೀನಿ. ಮನಿಗೆ ಬಂದವರನ್ನ ಹಂಗೇ ಕೂಡಸ್ತೀರೇನು ನೀವು?"

ಆ ಮಾತು ನಾಟಿತು. ಸಂಗಮನಾಥ ಮೂಲೆಯ ಹಿತ್ತಾಳೆ ಕೊಡ ನೋಡಿದ. ತುಂಬಿದ ಕೊಡ, ಒಂದು ಕೈಗೆ ಏಳುವುದಲ್ಲ. ಕುಡಗೋಲನ್ನು ನೆಲಕ್ಕಿಟ್ಟ. ಎರಡೂ ಕೈಯಿಂದ ಕೊಡ ಎತ್ತಿ ತಂದು, ಹಸನಸಾಬನ ಕಾಲ ಮೇಲೆ ಬಗ್ಗಿಸಿದ.

"ಬಾಯಿಗೆ ಹಾಕ್ಕೋಬ್ಯಾಡ್ರಿ ಮತ್ತ."

ಅರ್ಜುನ ನುಗ್ಗಲು ಹೆಜ್ಜೆ ಎತ್ತಿದ. ಹಸನಸಾಬ ಕಣ್ಣಿನಲ್ಲೇ ತಡೆದ. ಕಸ್ತೂರಿ ಒಳಗೆ ಓಡಿ ಕುಡಗೋಲನ್ನು ಜೋಳದ ಚೀಲದ ಹಿಂದೆ ತಳ್ಳಿದಳು.

"ಯಾದಗಿರಿ ದವಾಖಾನ್ಯಾಗ ನಿದ್ದಿ ಬರೋಹಂಗ ಮಾಡೋ ಡಾಕ್ಟರ್ ಅದಾರ. ಹೋಗಾಮೇನು?" ಹಸನಸಾಬ ಕೇಳಿದ.

"ಬೇಡಿ ಹಾಕ್ತೀರಿ?"

"ಯಾಕ? ನೀರು ಕೊಟ್ಟಿದ್ದಕ್ಕ?"

ಸಂಗಮನಾಥ ತಾನೇ ನಡೆದು ಹೋಗಿ ಗಾಡಿಯ ಹಿಂದಿನ ಸೀಟಿನಲ್ಲಿ ಕೂತ. ಹಿಂದೆಯೇ ಬಂದ ಕಸ್ತೂರಿಗೆ ಹತ್ತಲು ಧೈರ್ಯವಾಗಲಿಲ್ಲ.

"ಪೊಲೀಸರಿಗೆ ಫೋನ್ ಮಾಡ್ದಾಕಿ ನೀನೇನು?" ಸಂಗಮನಾಥ ಕೇಳಿದ.

ಹಗ್ಗದಾಚೆಯ ಮೊಬೈಲ್‌ಗಳೆಲ್ಲ ಅವಳ ಕಡೆ ತಿರುಗಿದವು.

"ಹೌದ್ರಿ. ನಾನೇ."

ಅವನು ಅವಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಕಿಟಕಿಯ ಕಡೆ ಸರಿದು, ಪಕ್ಕದ ಸೀಟಿನ ಧೂಳನ್ನು ಅಂಗೈಯಿಂದ ಒರೆಸಿದ.